ಶ್ವಾಸಕೋಶದ ಕಾಣದ ನಿವಾಸಿಗಳು

ಆರೋಗ್ಯವಂತರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳೇ ಇರುವುದಿಲ್ಲವೆಂದು ವೈದ್ಯಶಾಸ್ತ್ರವು ಬಹುಕಾಲ ನಂಬಿತ್ತು. ಅಲ್ಲಿಯೂ ಅವುಗಳ ವಾಸ ಅಲ್ಪಸ್ವಲ್ಪ ಉಂಟೆಂಬುದು ಈಗ ತಿಳಿದಿದೆ. ಸ್ವಂತ ಉಸಿರಾಟ ಸೋತು ವೆಂಟಿಲೇಟರ್ ಯಂತ್ರದ ಆಸರೆಯಲ್ಲಿರುವ ರೋಗಿಯ ಅಳಿವು ಉಳಿವುಗಳನ್ನು ಈ ಸೂಕ್ಷ್ಮಜೀವಿಗಳು ಮುಂದಾಗಿ ಸೂಚಿಸಬಲ್ಲವೇ?

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೇತೃತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೌದೆನ್ನುತ್ತದೆ. ತೀವ್ರ ನಿಗಾ ಘಟಕಕ್ಕೆ ಸೇರಿದ 24 ಗಂಟೆಗಳೊಳಗೆ ಇಂತಹ 91 ರೋಗಿಗಳ ಶ್ವಾಸಕೋಶದಿಂದ ದ್ರವವನ್ನು ಸಂಗ್ರಹಿಸಿ ಪರೀಕ್ಷಿಸಲಾಯಿತು. ಬ್ಯಾಕ್ಟೀರಿಯಾಗಳ ಹೊರೆ ಹೆಚ್ಚಿದ್ದವರಲ್ಲಿ, ಹಾಗೆಯೇ ಕರುಳಿನಲ್ಲಿ ವಾಸಿಸುವ ಜಾತಿಗಳು ಶ್ವಾಸಕೋಶದಲ್ಲಿ ಕಂಡುಬಂದವರಲ್ಲಿ, ಯಂತ್ರದಿಂದ ಬಿಡುಗಡೆ ಹೊಂದಿ ಬದುಕುವ ಸಂಭವ ಕಡಮೆಯಾಗಿತ್ತು.

ಅವುಗಳೇ ಸಾವಿಗೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗದು. ರೋಗದ ಉಲ್ಬಣವೇ ಅವುಗಳಿಗೆ ಅಲ್ಲಿ ಎಡೆಮಾಡಿಕೊಟ್ಟಿರಬಹುದು. ಕಾರಣ ಯಾವುದು, ಕುರುಹು ಯಾವುದು ಎಂಬುದು ಬಿಡಿಸಿ ತಿಳಿದಂದು, ಯಂತ್ರದ ಉಸಿರನ್ನೇ ನಂಬಿ ಮಲಗಿದವರಿಗೆ ಹೊಸ ಚಿಕಿತ್ಸೆಯ ದಾರಿ ತೆರೆದೀತು.