ಫುಸ್ತಾತಿನ ಕೇರಿ, ತುಳುನಾಡಿನ ಬೊಮ್ಮ

ಕೈರೋ ನಗರದ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ಪೂರ್ವದಂಡೆಗೆ ಅನತಿ ದೂರದಲ್ಲಿ, ರೋಮನ್ನರು ಕಟ್ಟಿದ ಕೋಟೆಯೊಂದರ ದುಂಡು ಬುರುಜುಗಳು ಇಂದಿಗೂ ನಿಂತಿವೆ. ಅದರ ಗೋಡೆಗಳೊಳಗಿನ ಕೇರಿಯನ್ನು ಅರಬರು ‘ಕಸ್ರ್ ಅಲ್-ಶಮಾ’ ಎಂದು ಕರೆದರು. ಕಾಪ್ಟಿಕ್ ಕ್ರೈಸ್ತರ ಪುರಾತನ ಚರ್ಚುಗಳು, ಯಹೂದಿಗಳ ಬೆನ್ ಎಜ್ರಾ ಸಿನಗಾಗ್ ಇಲ್ಲಿವೆ. ಹೊರಬಂದು ಸ್ವಲ್ಪ ದೂರ ನಡೆದರೆ ಆಫ್ರಿಕಾದ ಮೊದಲ ಮಸೀದಿಯ ಸ್ಥಳ ಸಿಗುತ್ತದೆ. ಈಜಿಪ್ಟನ್ನು ಗೆದ್ದ ಅಮ್ರ್ ಇಬ್ನ್ ಅಲ್-ಆಸ್ ಕ್ರಿ.ಶ. 641ರ ಸುಮಾರಿಗೆ ತನ್ನ ದಂಡಿನೊಂದಿಗೆ ಬೀಡುಬಿಟ್ಟದ್ದು ಇಲ್ಲೇ. ಬುಡಕಟ್ಟಿಗೊಂದರಂತೆ ಹಂಚಿದ ನಿವೇಶನಗಳು ಬೆಳೆದು ಊರಾದವು. ಡೇರೆ ಎಂಬ ಅರ್ಥದ ‘ಫುಸ್ತಾತ್’ ಆ ಊರಿನ ಹೆಸರಾಯಿತು.

969ರಲ್ಲಿ ಫಾತಿಮಿ ದೊರೆಗಳು ಉತ್ತರಕ್ಕೆ ಕೈರೋ ಎಂಬ ರಾಜಧಾನಿಯನ್ನು ಕಟ್ಟಿಕೊಂಡರೂ ವ್ಯಾಪಾರದ ಜೀವ ಫುಸ್ತಾತಿನಲ್ಲೇ ಉಳಿಯಿತು. ಹನ್ನೊಂದನೆಯ ಶತಮಾನದ ನಡುವೆ ಬಂದ ಪಾರಸಿ ಯಾತ್ರಿಕ ನಾಸಿರ್ ಖುಸ್ರೋ ಇಲ್ಲಿನ ಬಹುಮಹಡಿ ಮನೆಗಳನ್ನು ಕಂಡು ಬೆರಗಾದ. ಏಳು ಅಂತಸ್ತಿನ ಮನೆಯ ಮೇಲೆ ಒಬ್ಬಾತ ತೋಟ ಮಾಡಿದ್ದನಂತೆ; ಎಳೆಗರುವನ್ನು ಮೇಲೇರಿಸಿ ಅಲ್ಲಿಯೇ ಬೆಳೆಸಿ, ನೀರೆತ್ತುವ ಚಕ್ರಕ್ಕೆ ಕಟ್ಟಿದ್ದನಂತೆ. ಆ ಎತ್ತು ಮುಂದೆ ಕೆಳಗಿಳಿದದ್ದು ಹೇಗೆಂಬುದನ್ನು ಯಾತ್ರಿಕ ಹೇಳುವುದಿಲ್ಲ.

ಇಂಥ ವಿವರಗಳು ಪ್ರವಾಸಿಗರಿಂದ ಎಷ್ಟೋ ನಗರಗಳ ಬಗ್ಗೆ ದೊರೆಯುತ್ತವೆ. ಫುಸ್ತಾತಿನ ವಿಶೇಷ ಬೇರೆಯೇ. ದೇವರ ಹೆಸರಿರಬಹುದಾದ ಬರಹವನ್ನು ನಾಶಪಡಿಸಬಾರದೆಂಬುದು ಯಹೂದಿಗಳ ಸಂಪ್ರದಾಯ. ಬೆನ್ ಎಜ್ರಾ ಸಿನಗಾಗಿನವರು ಹಳೆಯ ಕಾಗದಗಳನ್ನು ‘ಗೆನೀಜಾ’ ಎಂಬ ಕೋಣೆಗೆ ಗೋಡೆಯ ಕಂಡಿಯಿಂದ ಎಸೆಯುತ್ತಿದ್ದರು. ಧರ್ಮಗ್ರಂಥಗಳ ಹಾಳೆಗಳ ಜೊತೆಗೆ ಮದುವೆಯ ಕರಾರು, ವಿಚ್ಛೇದನ ಪತ್ರ, ಅಂಗಡಿಯ ಲೆಕ್ಕ, ಸಾಲದ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಪುಟಗಳೂ ಅದರೊಳಗೆ ಸೇರಿದವು. ಒಣ ಹವೆ ಅವನ್ನು ಕಾಪಾಡಿತು. ಫಾತಿಮಿ ಅರಸರ ಆಜ್ಞಾಪತ್ರಗಳೂ ರದ್ದಿಯಾಗಿ ಇಲ್ಲಿಗೆ ಬಂದಿವೆ. ರಾಜರ ಪತ್ರಾಗಾರ ಉಳಿಯಲಿಲ್ಲ. ಆ ಕಾಗದದ ಬೆನ್ನಿನ ಮೇಲೆ ಹೀಬ್ರೂ ಬರೆದುಕೊಂಡವರ ದೆಸೆಯಿಂದ ಒಂದಿಷ್ಟು ತುಣುಕುಗಳು ಉಳಿದವು.

ಈ ರಾಶಿಯಲ್ಲಿ ಮಂಗಳೂರು ಇದೆ.

ಟ್ಯುನೀಸಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯೀಜು ಏಡನ್ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದವನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ದೊರೆತಿದೆ. ಮೆಣಸು, ಅಡಿಕೆ, ಕಬ್ಬಿಣಗಳನ್ನು ಆತ ಏಡನ್‌ಗೆ ಕಳುಹಿಸುತ್ತಿದ್ದ. ಕಂಚಿನ ಸಾಮಾನಿನ ಕಾರ್ಖಾನೆಯನ್ನೂ ನಡೆಸಿದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಕಾಗದವೂ ಬರುತ್ತಿತ್ತು. ಏಲಕ್ಕಿಗೆಂದು ಮುಂಗಡ ಪಡೆದು ಮಾಲು ಕೊಡದೆ ಸತಾಯಿಸಿದ ಸ್ಥಳೀಯನೊಬ್ಬನ ಪ್ರಸ್ತಾಪವೂ ಪತ್ರಗಳಲ್ಲಿದೆ. ಬೆನ್ ಯೀಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸುತ್ತಿದ್ದವನು ಬೊಮ್ಮ ಎಂಬ ಗುಲಾಮ. ಅವನು ಅಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂದು ಏಡನ್ನಿನ ವರ್ತಕ ಮದ್ಮೂನ್ ದೂರಿದ್ದೂ ಉಂಟು.

ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’ 1992ರಲ್ಲಿ ಈ ಬೊಮ್ಮನನ್ನು ಲೋಕಕ್ಕೆ ಪರಿಚಯಿಸಿತು. ಹೀಬ್ರೂ ಲಿಪಿಯ ಮೂರು ಅಕ್ಷರಗಳಲ್ಲಿದ್ದ ಹೆಸರನ್ನು ‘ಬೊಮ್ಮ’ ಎಂದೇ ಓದಬೇಕೆಂದು ನಿಶ್ಚಯಿಸಲು ಅವರಿಗೆ ನೆರವಾದವರು ಮಂಗಳೂರಿನ ಪ್ರೊ. ಬಿ.ಎ. ವಿವೇಕ ರೈ. ಆ ಕಾಲದ ಗುಲಾಮಗಿರಿ ನಂತರದ ತೋಟಗಳ ಗುಲಾಮಗಿರಿಯಂತಿರಲಿಲ್ಲ ಎಂಬ ಘೋಷ್ ಅವರ ವಾದದಲ್ಲಿ ಹುರುಳಿದೆ. ಆದರೂ ಒಬ್ಬ ಮನುಷ್ಯ ಇನ್ನೊಬ್ಬನ ಒಡೆತನದಲ್ಲಿದ್ದ ಎಂಬುದನ್ನು ಮರೆಸುವಷ್ಟು ಅದನ್ನು ಹಿಗ್ಗಿಸಬಾರದು.

ಕೇರಿಯ ಸಹಬಾಳ್ವೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಗೆನೀಜಾ ಪತ್ರಗಳನ್ನು ದಶಕಗಳ ಕಾಲ ಅಭ್ಯಸಿಸಿದ ವಿದ್ವಾಂಸ ಎಸ್.ಡಿ. ಗೋಯ್ಟೈನ್ ತೋರಿಸಿಕೊಟ್ಟಂತೆ, ಯಹೂದಿಗಳು ಇಲ್ಲಿ ಬೇಲಿಯೊಳಗೆ ಬದುಕಲಿಲ್ಲ. ಒಂದೇ ಬೀದಿಯಲ್ಲಿ ಮುಸ್ಲಿಮರ, ಕ್ರೈಸ್ತರ, ಯಹೂದಿಗಳ ಮನೆಗಳಿದ್ದವು. ಪರಸ್ಪರ ಮಾರಾಟವೂ ನಡೆಯುತ್ತಿತ್ತು. ಆದರೆ ಮುಸ್ಲಿಮೇತರರು ತಲೆಗಂದಾಯ ತೆರಬೇಕಿತ್ತು. ಬಡವರಿಗೆ ಅದು ದುಃಸ್ವಪ್ನವಾಗಿತ್ತು. ಖಲೀಫ ಅಲ್-ಹಾಕಿಮ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚರ್ಚುಗಳನ್ನೂ ಈ ಸಿನಗಾಗನ್ನೂ ಕೆಡವಿಸಿದ. ಕೆಲವೇ ದಶಕಗಳಲ್ಲಿ ಸಿನಗಾಗ್ ಮತ್ತೆ ಎದ್ದಿತು. ಸುವರ್ಣಯುಗದ ಕಥೆ ಬೇಕಾದವರಿಗೂ, ನಿರಂತರ ದ್ವೇಷದ ಕಥೆ ಬೇಕಾದವರಿಗೂ ಈ ಚೀಟಿಗಳು ಒದಗುವುದಿಲ್ಲ.

1168ರಲ್ಲಿ ಊರು ಕ್ರುಸೇಡರ್ ದೊರೆ ಅಮಾಲ್ರಿಕ್‌ನ ಕೈಸೇರಬಾರದೆಂದು ವಜೀರ ಶಾವರ್ ತಾನೇ ಬೆಂಕಿ ಇಡಿಸಿದ. ಅದು 54 ದಿನ ಉರಿಯಿತೆಂದು ಹದಿನೈದನೆಯ ಶತಮಾನದ ಇತಿಹಾಸಕಾರ ಮಕ್ರೀಜಿ ಬರೆದ. ಉತ್ಪ್ರೇಕ್ಷೆ ಇರಬಹುದು, ನಂತರವೂ ತತ್ವಜ್ಞಾನಿ ಮೈಮೋನಿಡಿಸ್ ಇಲ್ಲಿಯೇ ವಾಸಿಸಿದ. ಕ್ರಮೇಣ ಊರಿನ ಬಹುಭಾಗ ಕೈರೋದ ಕಸ ಸುರಿಯುವ ದಿಬ್ಬವಾಯಿತು. ಆ ದಿಬ್ಬಗಳಿಂದಲೇ ಗುಜರಾತಿನ ಅಚ್ಚುಬಟ್ಟೆಯ ಚಿಂದಿಗಳು ದೊರೆತವು.

ಕೇರಿ ಉಳಿಯಿತು, ಅದರ ನೆನಪು ಹೊರಹೋಯಿತು. 1890ರ ದಶಕದ ಆರಂಭದಲ್ಲಿ ಸಿನಗಾಗನ್ನು ಪುನಃ ಕಟ್ಟುವಾಗ ಗೆನೀಜಾದ ಹಾಳೆಗಳು ಮಾರುಕಟ್ಟೆಗೆ ಬಂದವು. 1896ರ ಕೊನೆಯಲ್ಲಿ ಕೇಂಬ್ರಿಜ್‌ನಿಂದ ಬಂದ ಸಾಲೊಮನ್ ಶೆಕ್ಟರ್, ಸಮುದಾಯದ ಹಿರಿಯರ ಒಪ್ಪಿಗೆ ಪಡೆದು ಉಳಿದದ್ದನ್ನು ಮೂಟೆಕಟ್ಟಿ ಸಾಗಿಸಿದರು. ಆಗ ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು. ಕೇಂಬ್ರಿಜ್ ಒಂದರಲ್ಲೇ ಈಗ ಸುಮಾರು 1,93,000 ತುಣುಕುಗಳಿವೆ. ಅಲ್ಲಿ ಅವು ಸುರಕ್ಷಿತವಾಗಿ ಉಳಿದವು, ಓದಲ್ಪಟ್ಟವು ಎಂಬುದೂ ನಿಜ. ಹಿರಿಯರ ಒಪ್ಪಿಗೆಗೆ ಆ ಪರಿಸ್ಥಿತಿಯಲ್ಲಿ ಎಷ್ಟು ಸ್ವಾತಂತ್ರ್ಯವಿತ್ತು ಎಂಬ ಪ್ರಶ್ನೆಯೂ ನಿಜ.

ದುರಸ್ತಿಯಾದ ಸಿನಗಾಗನ್ನು ಈಜಿಪ್ಟ್ ಸರ್ಕಾರ 2023ರ ಆಗಸ್ಟ್‌ನಲ್ಲಿ ಮತ್ತೆ ತೆರೆಯಿತು. ಈಜಿಪ್ಟಿನಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯವರು, ಬರುವವರು ಪ್ರವಾಸಿಗರು. 1149ರಲ್ಲಿ ಮಂಗಳೂರು ಬಿಟ್ಟ ಬೆನ್ ಯೀಜು ಕೊನೆಗೆ ನೆಲೆಸಿದ್ದು ಫುಸ್ತಾತಿನಲ್ಲಿ. 1156ರಲ್ಲಿ ಮಗಳು ಸಿತ್ ಅಲ್-ದಾರ್‌ಳನ್ನು ಅಣ್ಣತಮ್ಮಂದಿರ ಮಗನಿಗೆ ಇಲ್ಲೇ ಮದುವೆ ಮಾಡಿಕೊಟ್ಟ. ಮಂಗಳೂರಿನಲ್ಲಿ ಕೈಗೆ ಬಂದ ಪತ್ರಗಳನ್ನು ಅವನು ಎಸೆಯದೆ ಹಡಗಿನಲ್ಲಿ ಜೊತೆಗೆ ತಂದಿದ್ದ. ಅವುಗಳಲ್ಲಿ ಬೊಮ್ಮನಿಗೂ ನಮಸ್ಕಾರ ತಿಳಿಸಿದ ಪತ್ರವೂ ಇತ್ತು.