ತೋಟದ ಕೊಕ್ಕೋ, ಮನೆಯ ಚಾಕೊಲೇಟು

ಮಕ್ಕಳಿಗೆ ಚಾಕೊಲೇಟು ಎಷ್ಟು ಪ್ರಿಯವೆಂಬುದನ್ನು ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಆದರೆ ಸುಳ್ಯ ತಾಲೂಕಿನಲ್ಲಿ, ಕೇರಳದ ಗಡಿಗೆ ತಾಗಿಕೊಂಡಿರುವ ಮಂಡೆಕೋಲಿನಂತಹ ಗ್ರಾಮಗಳಲ್ಲಿ ಒಂದು ವೈಚಿತ್ರ್ಯವುಂಟು. ಅಡಕೆಮರಗಳ ನೆರಳಿನಲ್ಲಿ ಕೊಕ್ಕೋ ಗಿಡಗಳು. ಅವುಗಳ ಕಾಂಡಕ್ಕೇ ಅಂಟಿಕೊಂಡು ಹಳದಿ ಹಣ್ಣುಗಳು. ಮಕ್ಕಳು ಹಣ್ಣನ್ನೊಡೆದು ಬಿಳಿಯ ಲೋಳೆಯನ್ನು ಚೀಪಿ ಬೀಜವನ್ನು ಉಗುಳುತ್ತಾರೆ. ಅನಂತರ ಅಂಗಡಿಗೆ ಓಡಿ, ಅಂತಹ ಬೀಜದಿಂದಲೇ ಆದ ತಿನಿಸನ್ನು ಬಣ್ಣದ ಕಾಗದದಲ್ಲಿ ಕೊಂಡು ತರುತ್ತಾರೆ. ಎರಡಕ್ಕೂ ಸಂಬಂಧವುಂಟೆಂದು ಬಲ್ಲ ಬಾಲಕರು ವಿರಳ.

ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು 1753ರಲ್ಲಿ ಈ ವೃಕ್ಷಕ್ಕೆ ಥಿಯೋಬ್ರೋಮ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ದೇವತೆಗಳ ಆಹಾರವೆಂದರ್ಥ. ನಮ್ಮವರಾಗಿದ್ದರೆ ಅಮೃತವೆನ್ನುತ್ತಿದ್ದರೇನೋ! ಹಸಿಬೀಜವನ್ನು ಅಗಿದು ನೋಡಿದವನು ಮಾತ್ರ ದೇವತೆಗಳ ಅಭಿರುಚಿಯನ್ನು ಶಂಕಿಸದಿರಲಾರ. ಅಷ್ಟು ಕಹಿ, ಅಷ್ಟು ಒಗರು.

ದಕ್ಷಿಣ ಅಮೆರಿಕದ ಈ ಗಿಡವು ನಮ್ಮ ಜಿಲ್ಲೆಯ ತೋಟಗಳಲ್ಲಿ 1970ರ ದಶಕದಲ್ಲಿ ಹಬ್ಬಿತು. 1980ರ ಸುಮಾರಿಗೆ ಬೆಲೆ ಕುಸಿದಾಗ ಬೇಸತ್ತು ಗಿಡಗಳನ್ನು ಕಡಿದವರೂ ಉಂಟು. ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಆಗ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಹಸಿಬೀಜವನ್ನು ಮಾರುವುದು ಯುಕ್ತವೇ. ಆದರೆ ವರ್ಷಕ್ಕೊಂದು ಬುಟ್ಟಿಯನ್ನಾದರೂ ಮಕ್ಕಳ ಪಾಲಿಗೆ ಇರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಸುಮಾರು 20–25 ಹಣ್ಣುಗಳಿಂದ 2 ಕಿಲೋ ಹಸಿಬೀಜ ದೊರೆಯುತ್ತದೆ. ಬಿದಿರಿನ ಬುಟ್ಟಿಯೊಳಗೆ ಹರಿದ ಬಾಳೆಲೆ ಹಾಸಿ, ಬೀಜವನ್ನು ಲೋಳೆಸಹಿತ ತುಂಬಿ, ಮೇಲೆ ಬಾಳೆಲೆ ಮುಚ್ಚಿ, ರಸ ತೊಟ್ಟಿಕ್ಕುವಂತೆ ಎತ್ತರದಲ್ಲಿಡಬೇಕು. ಮರುದಿನ ಗೋಣಿಯನ್ನು ಹೊದಿಸಬೇಕು. ಎರಡು ದಿನಕ್ಕೊಮ್ಮೆ ಮಗುಚಿ, ಆರು ದಿನ ಹುಳಿಯಲು ಬಿಡಬೇಕು. ಬುಟ್ಟಿ ಬಿಸಿಯೇರುತ್ತದೆ, ಹುಳಿವಾಸನೆ ಬರುತ್ತದೆ; ಗೃಹಿಣಿಯರು ಮೂಗು ಮುಚ್ಚಿಕೊಂಡಾದರೂ ಇದನ್ನು ಸಹಿಸಿಕೊಳ್ಳಬೇಕು. ಚಾಕೊಲೇಟಿನ ಪರಿಮಳಕ್ಕೆ ಬೀಜಾವಾಪವಾಗುವುದು ಇಲ್ಲಿಯೇ. ಹುಳಿಯಿಸದೆ ಒಣಗಿಸಿದ ಬೀಜವನ್ನು ಎಷ್ಟು ಹುರಿದರೂ ಆ ಗಂಧ ಬಾರದು.

ಅನಂತರ ಒಂದು ವಾರದ ಬಿಸಿಲು. ಮಳೆಗಾಲದಲ್ಲಿ ಈ ಪ್ರಯೋಗಕ್ಕೆ ಕೈಹಾಕದಿರುವುದೇ ಲೇಸು. ಬೂಸಲು ಹಿಡಿದ ಬೀಜವನ್ನು ಮಕ್ಕಳಿಗೆ ಕೊಡಲೇಬಾರದು. ಒಣಗಿದುದನ್ನು ಬಾಣಲೆಯಲ್ಲಿ ಮಂದಾಗ್ನಿಯಲ್ಲಿ ಸುಮಾರು 20 ನಿಮಿಷ ಹುರಿದರೆ ಸಿಪ್ಪೆ ಬಿರಿಯುತ್ತದೆ. ಸಿಪ್ಪೆ ಸುಲಿಯುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು, ಬೇಸರವಿಲ್ಲದೆ ಮಾಡುವರು. ಹೊಟ್ಟನ್ನು ಗೆರಸೆಯಲ್ಲಿ ಕೇರಿ ತೆಗೆಯಬೇಕು.

100 ಗ್ರಾಂ ತಿರುಳನ್ನು ನೀರಿನ ಪಸೆಯಿಲ್ಲದ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಅರೆಯಿರಿ. ಮೊದಲು ಪುಡಿಯಾಗಿ, ಕ್ರಮೇಣ ತಾನೇ ನೀರಾಗುತ್ತದೆ. ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದು ಇದಕ್ಕೆ ಕಾರಣ. ಅಷ್ಟೇ ತೂಕದ ಸಕ್ಕರೆ ಪುಡಿಯನ್ನು ಕೂಡಿಸಿ ಇನ್ನಷ್ಟು ಅರೆದು, ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಬಳಿಕ ಶೀತಕಪೆಟ್ಟಿಗೆಯಲ್ಲಿಟ್ಟರೆ ಬಿಲ್ಲೆಯಾಗುತ್ತದೆ. ಒಂದು ಹನಿ ನೀರು ಬಿದ್ದರೂ ಗಟ್ಟಿಕಟ್ಟಿ ಕೆಡುವುದು. ಬೆಲ್ಲದಲ್ಲಿ ಪಸೆಯಿರುವುದರಿಂದ ಬಿಲ್ಲೆ ನಯವಾಗದು; ಬೆಲ್ಲವೇ ಬೇಕೆಂಬವರು ಅದರ ಪುಡಿಯೊಡನೆ ಹುರಿದ ಗೇರುಬೀಜದ ಚೂರು, ಒಂದು ಚಮಚ ತುಪ್ಪ ಬೆರೆಸಿ ಉಂಡೆ ಕಟ್ಟುವುದು ಮೇಲು. ನಮಗಂತೂ ಉಂಡೆಯೇ ಹೆಚ್ಚು ರುಚಿಸಿತು.

ಅಂಗಡಿಯದರ ನುಣುಪು ಇದಕ್ಕಿಲ್ಲ, ನಾಲಗೆಗೆ ತುಸು ತರಿತರಿ. ರಾತ್ರಿ ಕೊಟ್ಟರೆ ಮಕ್ಕಳ ನಿದ್ರೆಗೆ ಭಂಗ ಬರಬಹುದಾದುದರಿಂದ ಹಗಲಲ್ಲೇ ಒಂದೆರಡು ಉಂಡೆ ಸಾಕು. ಮನೆಯ ನಾಯಿಗೆ ಮಾತ್ರ ಒಂದು ಚೂರನ್ನೂ ಹಾಕಕೂಡದು. ಕೊಕ್ಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ದ್ರವ್ಯವು ನಾಯಿಗೆ ವಿಷ.