ಗುಜರಿಯಲ್ಲಿ ಬದುಕೂ ಇದೆ, ಅಪಾಯವೂ ಇದೆ



ತುಂಗಭದ್ರೆಯ ನಡುವೆ ಇರುವ ವಿರೂಪಾಪುರಗಡ್ಡೆಯಲ್ಲಿ ಮೊದಲಿದ್ದದ್ದು ಭತ್ತದ ಗದ್ದೆ, ಹೊಳೆ ದಾಟುವ ಹರಿಗೋಲು. ಆಮೇಲೆ ಪ್ರವಾಸಿಗರು ಬಂದರು. ಗೆಸ್ಟ್‌ಹೌಸು, ಹೋಟೆಲು, ರೆಸಾರ್ಟುಗಳು ಎದ್ದವು. ಸಂರಕ್ಷಿತ ಪ್ರದೇಶದಲ್ಲಿ ನಿಯಮ ಮೀರಿ ಕಟ್ಟಿದ್ದಾರೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಫೆಬ್ರವರಿಯಲ್ಲಿ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿಗಳು ಕಟ್ಟಡಗಳನ್ನು ಕೆಡವಿದವು.

ಕಟ್ಟಿದ್ದು ಸರಿಯೋ ತಪ್ಪೋ ಎಂಬುದನ್ನು ಕೋರ್ಟು ತೀರ್ಮಾನಿಸಿ ಆಗಿದೆ. ನಮ್ಮ ಪ್ರಶ್ನೆ ಬೇರೆ. ಒಂದು ಕಟ್ಟಡ ಬಿದ್ದಾಗ, ಒಂದು ಹೋಟೆಲು ಮುಚ್ಚಿದಾಗ, ಊರ ಹೊರಗೆ ಕಸದ ಗುಡ್ಡೆ ಬೆಳೆದಾಗ ಅದರೊಳಗಿನ ಬಳಕೆಗೆ ಬರುವ ವಸ್ತು ಏನಾಗುತ್ತದೆ? ಅದನ್ನು ಆಯುವವರ ಕೈಗೆ ಸಿಗುವುದೆಷ್ಟು, ಮೈಗೆ ತಗಲುವುದೆಷ್ಟು?

ಇದು ನಮಗೆ ಹೊಸ ವಿದ್ಯೆಯಲ್ಲ

ಹಳೇ ಸೀರೆ, ಧೋತರ ಕೂಡಿಸಿ ಕೌದಿ ಹೊಲಿದವರು ನಾವು. ಹಂಪಿ, ಆನೆಗುಂದಿಯ ಹರಿಗೋಲು ನೋಡಿರಿ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡಿನಿಂದ ನಾರು ತೆಗೆದು ಚೀಲ, ಬುಟ್ಟಿ ಹೆಣೆಯುವ ಮಹಿಳೆಯರು ಆನೆಗುಂದಿಯಲ್ಲಿದ್ದಾರೆ. ಬಿಸಾಡುವ ಮುಂಚೆ ಒಂದು ಸಲ ತಿರುಗಿಸಿ ನೋಡುವ ಈ ಬುದ್ಧಿಯೇ ಮರುಬಳಕೆಯ ಮೂಲ.

ಬೆಲೆಯ ನಾಲ್ಕು ಮೆಟ್ಟಿಲು

ಗುಜರಿಗೆ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಹೀಗೇ ಬಳಕೆಗೆ ಬರುತ್ತದೆಯೇ? ರಿಪೇರಿ ಮಾಡಿದರೆ ನಡೆಯುತ್ತದೆಯೇ? ಬಿಚ್ಚಿದರೆ ಒಳಗಿನ ಭಾಗ ಬೇರೆ ಯಂತ್ರಕ್ಕೆ ಆಗುತ್ತದೆಯೇ? ಯಾವುದೂ ಇಲ್ಲವೆಂದರೆ, ಇದರಲ್ಲಿ ಯಾವ ಲೋಹ, ಯಾವ ಪ್ಲಾಸ್ಟಿಕ್ ಇದೆ?

ಮೆಟ್ಟಿಲು ಇಳಿದ ಹಾಗೆ ಸಾಮಾನ್ಯವಾಗಿ ಬೆಲೆಯೂ ಇಳಿಯುತ್ತದೆ. ನೀರೆತ್ತುವ ಮೋಟಾರನ್ನೇ ತೆಗೆದುಕೊಳ್ಳಿ. ತಿರುಗುವ ಮೋಟಾರು ಮೋಟಾರಿನ ಬೆಲೆಗೆ ಹೋಗುತ್ತದೆ. ಸುಟ್ಟ ಮೋಟಾರನ್ನು ರಿವೈಂಡಿಂಗ್ ಅಂಗಡಿಯವರು ಕೊಳ್ಳುತ್ತಾರೆ. ಅದೇ ಮೋಟಾರನ್ನು "ಕಬ್ಬಿಣ" ಅಂತ ತೂಕಕ್ಕೆ ಹಾಕಿದರೆ ಒಳಗಿನ ತಾಮ್ರವೂ ಕಬ್ಬಿಣದ ದರಕ್ಕೆ ಹೋಯಿತು! ತಾಮ್ರದ ದರ ಹಳೇ ಕಬ್ಬಿಣದ ಹತ್ತು ಪಟ್ಟಿಗಿಂತಲೂ ಹೆಚ್ಚು. ಆಯುವವರಿಗೆ ನಷ್ಟವಾಗುವುದು ಬಹುಮಟ್ಟಿಗೆ ಇಲ್ಲಿಯೇ.

ಗುರುತಿಸಲು ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿದರೆ ಕಬ್ಬಿಣ. ಅಂಟದೆ ಹಗುರವಾಗಿ ಬಿಳಿ ಇದ್ದರೆ ಬಹುಶಃ ಅಲ್ಯೂಮಿನಿಯಂ, ಕೆಂಪಗಿದ್ದರೆ ತಾಮ್ರ, ಹಳದಿ ಇದ್ದರೆ ಹಿತ್ತಾಳೆ. ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ. 1 ಎಂದರೆ ನೀರಿನ ಬಾಟಲಿಯ ಜಾತಿ, 2 ಎಂದರೆ ಗಟ್ಟಿ ಡಬ್ಬಿ, ಕ್ಯಾನಿನ ಜಾತಿ, 3 ಎಂದರೆ ಪಿವಿಸಿ, 5 ಎಂದರೆ ಊಟದ ಡಬ್ಬಿ, ಬಕೆಟ್‌ಗಳಲ್ಲಿ ಬರುವ ಜಾತಿ. ಬೇರೆ ಬೇರೆ ಮಾಡಿ, ತೊಳೆದು ಒಣಗಿಸಿದ ಮಾಲಿಗೆ ಒಳ್ಳೆಯ ದರ. ಅನ್ನ ಸಾರು ಮೆತ್ತಿದ್ದಕ್ಕೆ ದರವೇ ಇಲ್ಲ.

ಕಟ್ಟಡ ಕೆಡವುವಾಗ

ಕಟ್ಟಿದ ಕ್ರಮವನ್ನು ತಿರುಗಾ ಮುರುಗಾ ಮಾಡಿದರೆ ಬಿಚ್ಚುವ ಕ್ರಮ. ಮೊದಲು ಕರೆಂಟು, ನೀರು ಬಂದ್ ಆಗಿದೆಯೋ ನೋಡಬೇಕು. ಆಮೇಲೆ ಫ್ಯಾನು, ಸ್ವಿಚ್ಚು, ನಲ್ಲಿ, ಬೇಸಿನ್ನು. ನಂತರ ಬಾಗಿಲು, ಕಿಟಕಿ, ಚೌಕಟ್ಟು. ನಂತರ ಚಾವಣಿಯ ತಗಡು, ಬಿದಿರು. ಕೊನೆಗೆ ಇಟ್ಟಿಗೆ, ಕಲ್ಲುಚಪ್ಪಡಿ. ಎರಡು ದಿನ ಮುಂಚೆ ಕೈಯಿಂದ ಬಿಚ್ಚಿದರೆ ಒಂದು ಬಡ ಮನೆಗೆ ಬಾಗಿಲು ಕಿಟಕಿ ಆಗುತ್ತದೆ. ನೇರ ಜೆಸಿಬಿ ಬಿಟ್ಟರೆ ಎಲ್ಲ ಕಲೆತು ಮಣ್ಣುಗೂಡಿದ ರಾಶಿ ಮಾತ್ರ ಉಳಿಯುತ್ತದೆ. ಹೊಳೆದಂಡೆಯಲ್ಲಿ ಬಿಟ್ಟ ರಾಶಿಯನ್ನು ಪ್ರವಾಹ ಕೊಂಡೊಯ್ಯುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದು ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ಹೊರಗೆ ತರಬೇಕಾಯಿತು. ಅಂಥ ನೀರಿಗೆ ಕಸ ಯಾವ ಲೆಕ್ಕ?

ಮುಟ್ಟಬಾರದ್ದು, ಮಾಡಬಾರದ್ದು

• ವೈರು ಸುಡಬ್ಯಾಡ್ರಿ. ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಮತ್ತು ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಚಾಕುವಿನಿಂದ ಸುಲಿಯಿರಿ. ಸುಟ್ಟು ಕಪ್ಪಾದ ತಾಮ್ರಕ್ಕೆ ದರವೂ ಕಡಿಮೆ.

• ಗಾಡಿ, ಇನ್ವರ್ಟರ್ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಡಿಯಾಗಿಯೇ ಬ್ಯಾಟರಿ ಅಂಗಡಿಗೆ ಕೊಡಿ.

• ಹಳೇ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ, ಕೊಯ್ದರೆ ಏಳುವ ಧೂಳು ಶ್ವಾಸಕೋಶ ಸೇರಿ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ತರಬಹುದು. ನೀರು ಹಾಕಿ ತೋಯಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು.

• ಕಂಪ್ಯೂಟರ್, ಮೊಬೈಲ್‌ಗಳ ಹಸಿರು ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು ಬೇಡ. ಅದಕ್ಕೆ ಅನುಮತಿ ಪಡೆದ ಘಟಕಗಳಿವೆ. ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಘಟಕ ಶುರುವಾಯಿತು.

• ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕಾದ ಮಾತು: ಹಂಪಿ ಸುತ್ತಮುತ್ತ ಕೆತ್ತನೆಯ ಕಲ್ಲು, ಹಳೇ ನಾಣ್ಯ, ಕಂಚಿನ ಸಾಮಾನು ಗುಜರಿಯಲ್ಲ. ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಿಕ್ಕ ಜಾಗದಲ್ಲೇ ಬಿಟ್ಟು ತಹಶೀಲ್ದಾರ್ ಕಚೇರಿಗೆ ಹೇಳಿರಿ.

ಕೈಗವಸು, ಗಟ್ಟಿ ಚಪ್ಪಲಿ ಅಥವಾ ಬೂಟು, ಬಾಯಿಗೆ ಬಟ್ಟೆ ಇಲ್ಲದೆ ಕಸದ ರಾಶಿಗೆ ಇಳಿಯಬಾರದು. ಕೆದಕಲು ಕೊಕ್ಕೆ ಬಳಸಿ. ಮೊಳೆ, ಗಾಜು ಚುಚ್ಚಿದರೆ ತೊಳೆದುಕೊಂಡು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಕೇಳಿರಿ. ಸೂಜಿ ಚುಚ್ಚಿದರಂತೂ ತಡ ಬೇಡ. ಮಕ್ಕಳನ್ನು ಕರೆದೊಯ್ಯಬೇಡಿ. 14 ವರ್ಷದೊಳಗಿನ ಮಗುವಿನ ಜಾಗ ಶಾಲೆ.

"ಕಳ್ಳಮಾಲು" ಎಂಬ ಮಾತು ಬಾರದ ಹಾಗೆ

"ಸಿಸ್ಟರ್, ನಾವು ದುಡದು ತಿನ್ನತೀವಿ, ಆದ್ರ ಎಲ್ಲರೂ ಕಳ್ಳರ ಹಾಂಗ ನೋಡತಾರ" ಎಂದು ಈ ಕೆಲಸದ ಹೆಣ್ಣುಮಕ್ಕಳು ಹೇಳುವುದುಂಟು. ಆದ್ದರಿಂದ ಕೆಡವಿದ ಕಟ್ಟಡದಿಂದ ಏನೇ ತಂದರೂ ಮಾಲೀಕರಿಂದ ಎರಡು ಸಾಲಿನ ಚೀಟಿ ಪಡೆಯಿರಿ. ಸಾರ್ವಜನಿಕ ಜಾಗವಾದರೆ ಪಂಚಾಯಿತಿಯನ್ನು ಕೇಳಿರಿ. ಮಾರುವಾಗ ತಕ್ಕಡಿಯ ಮೇಲೆ ಇಲಾಖೆಯ ಮುದ್ರೆ ಇದೆಯೇ, ಸೊನ್ನೆ ತೋರಿಸುತ್ತಿದೆಯೇ ನೋಡಿ. ಮುಂಗಡ ಸಾಲ ಕೊಟ್ಟವನಿಗೇ ಮಾಲು ಹಾಕಬೇಕಾದರೆ ಅವನು ಹೇಳಿದ್ದೇ ದರ. ಆ ಸಾಲವನ್ನು ಸಂಘದ ಉಳಿತಾಯದಿಂದ ತೀರಿಸಿದ ದಿನ ನಾಲ್ಕು ಅಂಗಡಿ ವಿಚಾರಿಸುವ ಸ್ವಾತಂತ್ರ್ಯ ಬರುತ್ತದೆ.

ಒಗ್ಗಟ್ಟಿನಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಸಾಕ್ಷಿ. ಅಲ್ಲಿ 2011ರಲ್ಲಿ ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಹಸಿರು ದಳ ಎಂಬ ಸಂಘಟನೆಯ ಬೆಂಬಲದಿಂದ ಅನೇಕರು ಒಣ ಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುವ ಮಟ್ಟಕ್ಕೆ ಬಂದರು. 2016ರ ಘನತ್ಯಾಜ್ಯ ನಿಯಮಗಳು ಆಯುವವರನ್ನು ಕಸ ನಿರ್ವಹಣೆಯ ವ್ಯವಸ್ಥೆಗೆ ಸೇರಿಸಿಕೊಳ್ಳಬೇಕೆಂದು ಹೇಳಿದವು. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೇ ಕಸದ ಗಾಡಿ ಓಡಿಸುತ್ತಾರೆ, ಘಟಕ ನಡೆಸುತ್ತಾರೆ.

ಹಾಗಾದರೆ ನಾವೇನು ಮಾಡಬಹುದು? ಮುಂದಿನ ಸಂಘದ ಸಭೆಯಲ್ಲಿ ಮೂರು ವಿಷಯ ಮಾತಾಡಿರಿ. ನಮ್ಮೂರಲ್ಲಿ ಕಸ ಆಯುವವರು ಯಾರ್‍ಯಾರು, ಅವರು ಯಾವ ಸಂಘದಲ್ಲಾದರೂ ಇದ್ದಾರೆಯೇ? ಪಂಚಾಯಿತಿಯ ಘಟಕದಲ್ಲಿ ಅವರಿಗೆ ಕೆಲಸ ಕೇಳಿದ್ದೇವೆಯೇ? ನಮ್ಮ ಮನೆಯ ಒಣ ಕಸವನ್ನು ಹಸಿ ಕಸದೊಂದಿಗೆ ಕಲೆಸದೆ ಅವರ ಕೈಗೆ ಕೊಡುತ್ತಿದ್ದೇವೆಯೇ? ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇವತ್ತೇ ಎರಡು ಬುಟ್ಟಿ ಇಟ್ಟರೆ ಸಾಕು.